ಹೊಟ್ಟೆಯೊಳಗಿನ ಕೂಸಿಗೆ ಡ್ರಿಲ್ಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋದ ವರ್ಷ, ನನ್ನ ಇಪ್ಪತ್ತನೇ ವಯಸ್ಸಿನಲ್ಲಿ, ರಾಜಾಜಿನಗರದ ನಮ್ಮ ಮನೆಯ ಹಾಲ್‌ನಲ್ಲಿ, ನಾನು ಸತತ ಹದಿನೆಂಟು ದಿನ ಎಂಟು ತಿಂಗಳ ಬಸುರಿಯಾಗಿದ್ದೆ!

ನಗಬೇಡಿ. ಬಿ.ಕಾಂ. ಎರಡನೇ ವರ್ಷದ ಹುಡುಗ. ಕಿವಿಯ ಕೆಳಗಿನವರೆಗೂ ಕೃದಾ ಬಿಟ್ಟವನು. ಬೆಲ್‌ಬಾಟಮ್ ಪ್ಯಾಂಟಿನಿಂದ ನಮ್ಮ ಬ್ಲಾಕಿನ ಅರ್ಧ ಬೀದಿಯನ್ನು ಪುಕ್ಕಟೆ ಗುಡಿಸುತ್ತಿದ್ದವನು. ಅಂಥವನು ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಕೈಮಂಡಿ ಊರಿಕೊಂಡು, ಕೆಂಪು ಗಾರೆ ನೆಲದ ಮೇಲೆ ಬೆಳಿಗ್ಗೆ ಇಪ್ಪತ್ತು ಸುತ್ತು, ಸಂಜೆ ಇಪ್ಪತ್ತು ಸುತ್ತು ಅಂಬೆಗಾಲಿಟ್ಟಿದ್ದಾನೆ. ಹೆಮ್ಮೆಯಿಂದ ಹೇಳಿಕೊಳ್ಳುವ ವಿಷಯವೇ? ಅಲ್ಲ. ಆದರೆ ನಾನು ಹೇಳದಿದ್ದರೆ ಎದುರುಮನೆಯವರು ಹೇಳುತ್ತಾರೆ, ಅದೂ ಉಪ್ಪು ಖಾರ ಹಚ್ಚಿ.

ಇದಕ್ಕೆಲ್ಲ ಕಾರಣ ನಮ್ಮ ಅತ್ತೆ. ಅತ್ತೆ ಅಂದರೆ ಅಪ್ಪನ ಅಕ್ಕ. ಇಡೀ ಬೆಂಗಳೂರಿನಲ್ಲಿ, ಇನ್ನೂ ಹುಟ್ಟದೇ ಇರುವವರಿಗೂ ಡ್ರಿಲ್ ಮಾಡಿಸಿದ ಏಕೈಕ ಮಹಿಳೆ. ಬೇರೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಮಾರ್ಚ್‌ಪಾಸ್ಟ್ ಮಾಡಿಸೋಣ.

ಅತ್ತೆ ಮದುವೆಯಾಗಲಿಲ್ಲ. ಮೂವತ್ತು ವರ್ಷ ಮಿಡ್ಲ್‌ಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದರು. ನಿವೃತ್ತರಾಗಿ ಮೂರು ವರ್ಷವಾಯಿತು ಅಂತ ಸರ್ಕಾರ ಹೇಳುತ್ತದೆ. ಆ ಸುದ್ದಿ ಅತ್ತೆಯ ಕಾಲುಗಳಿಗೆ ಇನ್ನೂ ತಲುಪಿಲ್ಲ. ಒಂಬತ್ತಿಂಚು ಅಂಚಿನ ಸೀರೆ, ಕೆಳಗೆ ಬಿಳೀ ಕ್ಯಾನ್ವಾಸ್ ಶೂ, ಕೊರಳಲ್ಲಿ ಕಪ್ಪು ದಾರಕ್ಕೆ ಪೋಣಿಸಿದ ಸೀಟಿ. ಬೆಳಗಿನ ಜಾವ ಹಾಲಿನ ಬೂತಿನ ಮುಂದೆ ಜನ ನುಗ್ಗಾಡುತ್ತಿದ್ದರೆ ಅತ್ತೆ ಒಂದು ಸೀಟಿ ಊದುತ್ತಾರೆ. “ಒಂದು ಕೈ ಅಂತರ!” ಅಷ್ಟೇ. ಮಫ್ಲರ್ ಸುತ್ತಿಕೊಂಡ ವಕೀಲರು, ಹೂವಿನವಳು, ರಾತ್ರಿಪಾಳಿ ಮುಗಿಸಿ ಬಂದ ಫ್ಯಾಕ್ಟರಿಯವರು, ಎಲ್ಲರೂ ಒಂದು ಕೈಯಲ್ಲಿ ಖಾಲಿ ಬಾಟಲಿ ಹಿಡಿದು ಇನ್ನೊಂದು ಕೈಯನ್ನು ಮುಂದಿನವರ ಭುಜದ ನೇರಕ್ಕೆ ಚಾಚುತ್ತಾರೆ! ಬೂತಿಗೆ ಹೊಸದಾಗಿ ಬಂದ ಹುಡುಗ, ಇವರು ಸರ್ಕಾರ ಕಳಿಸಿದ ಆಫೀಸರ್ರೇ ಇರಬೇಕು ಅಂತ ಒಂದು ವಾರ ಎದ್ದುನಿಂತು ಹಾಲು ಕೊಟ್ಟನಂತೆ.

ನನ್ನ ಕಸುಬೇನು ಅಂತ ಕೇಳಿದಿರಾ? ಮಿಮಿಕ್ರಿ. ಕಾಲೇಜ್ ಡೇಗಳಲ್ಲಿ ಪ್ರಿನ್ಸಿಪಾಲರ ಕೆಮ್ಮು, ಬಸ್ ಕಂಡಕ್ಟರ ಕೂಗು, ಆಕಾಶವಾಣಿ ವಾರ್ತೆಯ ಗಾಂಭೀರ್ಯ, ಎಲ್ಲ ನನ್ನ ಗಂಟಲಲ್ಲೇ ಬಾಡಿಗೆಗಿವೆ. ಒಂದು ಸಲ ಬಚ್ಚಲಮನೆಯೊಳಗಿಂದ ಅತ್ತೆಯ ದನಿಯಲ್ಲಿ “ಸಾವಧಾನ್!” ಅಂದೆ. ಹೊರಗೆ ಗಡ್ಡ ಹೆರೆಯುತ್ತಿದ್ದ ಅಪ್ಪ ಬ್ಲೇಡಿನ ಸಮೇತ ಅಟೆನ್ಷನ್‌ನಲ್ಲಿ ನಿಂತು ಗಲ್ಲ ಕೊಯ್ದುಕೊಂಡರು. ಅಪ್ಪ ಬಲು ಸಾಧು. ಫ್ಯಾಕ್ಟರಿ ಆಫೀಸಿನ ಗುಮಾಸ್ತರು. ದಿನಕ್ಕೆ ಹತ್ತು ಮಾತಾಡಿದರೆ ಹಬ್ಬ. ರಕ್ತ ಒರೆಸಿಕೊಳ್ಳುತ್ತಾ “ಚೆನ್ನಾಗ್ ಮಾಡ್ತೀಯ ಕಣೋ” ಅಂದರಷ್ಟೇ.

ಇಂಥ ಮನೆಗೆ ನಮ್ಮಕ್ಕ ಚೊಚ್ಚಲ ಬಾಣಂತನಕ್ಕೆ ಬಂದಳು. ಭಾವನಿಗೆ ರಾಯಚೂರಿನಲ್ಲಿ ಕೆಲಸ, ರಜೆ ಇಲ್ಲ. ಅಕ್ಕನನ್ನು ರೈಲಿಳಿಸಿ, ಹಣೆಯ ಬೆವರೊರೆಸಿಕೊಂಡು, ಅದೇ ರೈಲಿಗೆ ವಾಪಸು ಹತ್ತಿದರು ಅಂತಲೇ ಇಟ್ಟುಕೊಳ್ಳಿ.

ಎಂಟನೇ ತಿಂಗಳಲ್ಲಿ ನರ್ಸಿಂಗ್ ಹೋಮಿನ ಲೇಡಿ ಡಾಕ್ಟರು ಅಕ್ಕನ ಹೊಟ್ಟೆ ಮುಟ್ಟಿ ನೋಡಿ, “ಮಗು ಕೂತಿದೆ” ಅಂದರು.

“ಕೂತಿದೆ ಅಂದ್ರೆ?” ಅಮ್ಮ ಕೇಳಿದಳು.

“ತಲೆ ಮೇಲಿದೆ, ಕಾಲು ಕೆಳಗಿದೆ. ಹೆರಿಗೆಗೆ ತಲೆ ಕೆಳಗಿರ್ಬೇಕು. ಇನ್ನೂ ಟೈಮಿದೆ, ಎಷ್ಟೋ ಮಕ್ಕಳು ತಾವಾಗೇ ತಿರುಗ್ತವೆ. ಮೂರು ವಾರ ನೋಡೋಣ. ತಿರುಗ್ಲಿಲ್ಲ ಅಂದ್ರೆ ಇಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಆಪರೇಷನ್ ಬೇಕಾಗಬಹುದು.”

ಅಕ್ಕನ ಮುಖ ಬಿಳಿಚಿತು. ಅಮ್ಮ ಕೂಡಲೇ ಮನಸ್ಸಿನಲ್ಲೇ ನಾಲ್ಕು ದೇವರಿಗೆ ಅರ್ಜಿ ಗುಜರಾಯಿಸಿದಳು. ನಾನು ಮಾತ್ರ, “ನಮ್ಮ ವಂಶದ ಕುಡಿ ತಾನೇ? ಅಪ್ಪನ ಹಾಗೆ ಈಸಿಚೇರಲ್ಲಿ ಕೂತ್ಬಿಟ್ಟಿದೆ” ಅಂದೆ. ಯಾರೂ ನಗಲಿಲ್ಲ. ಅತ್ತೆ ನನ್ನನ್ನು ಬೈಯಲೂ ಇಲ್ಲ. ಅದರಿಂದ ನನಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಆ ಮಧ್ಯಾಹ್ನ ಅತ್ತೆ ಉಣ್ಣಲಿಲ್ಲ. ವರಾಂಡದಲ್ಲಿ ಈ ತುದಿಯಿಂದ ಆ ತುದಿಗೆ ನಡೆದರು. ತೋಳು ಬೀಸದೆ! ಅತ್ತೆ ತೋಳು ಬೀಸದೆ ನಡೆದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಮಾರನೇ ಬೆಳಿಗ್ಗೆ ಆರು ಗಂಟೆಗೆ ಸೀಟಿ ಮೊಳಗಿತು.

ಎದ್ದು ಬಂದು ನೋಡಿದರೆ ಹಾಲ್ ಖಾಲಿ. ಅಪ್ಪನ ಕ್ಯಾನ್ವಾಸಿನ ಈಸಿಚೇರು ಅಟ್ಟ ಸೇರಿತ್ತು. ಹಿಂದಿನ ಸಂಜೆಯೇ ಅತ್ತೆ ಡಾಕ್ಟರಮ್ಮನ ಬಳಿ ಒಬ್ಬರೇ ಹೋಗಿ, ಒಂದು ಗಂಟೆ ತಲೆ ತಿಂದು, ಏನು ಮಾಡಬಹುದು, ಏನು ಮಾಡಬಾರದು ಅಂತ ಡ್ರಿಲ್ ಪುಸ್ತಕದ ಹಿಂಬದಿಗೆ ಬರೆದುಕೊಂಡು ಬಂದಿದ್ದರು.

“ಇವತ್ತಿಂದ ಈ ಮನೇಲಿ ಯಾರೂ ಹಿಂದಕ್ಕೆ ಒರಗೋ ಹಾಗಿಲ್ಲ” ಅಂತ ಘೋಷಿಸಿದರು. “ಒರಗಿದ್ರೆ ಮಗೂನೂ ಬೆನ್ನಿಗೆ ಒರಗುತ್ತೆ. ಹೊಟ್ಟೆ ಯಾವಾಗಲೂ ಮುಂದಕ್ಕೆ ಜೋತಾಡ್ಬೇಕು, ಉಯ್ಯಾಲೆ ಥರ. ತಲೆ ತಾನೇ ಭಾರ? ಭಾರವಾದ್ದು ಕೆಳಗೆ ಬರುತ್ತೆ. ಎಲ್ರಿಗೂ ಮಣೆ!”

ಬಸುರಿ ಅಕ್ಕ ಒಬ್ಬಳು. ಒರಗುವ ಹಕ್ಕು ಕಳಕೊಂಡವರು ಐದು ಜನ. ಅಪ್ಪ ಆಫೀಸಿನಿಂದ ಬಂದು ಮಣೆಯ ಮೇಲೆ ನೆಟ್ಟಗೆ ಕೂತು ಪೇಪರ್ ಓದುವುದನ್ನು ನೋಡಿದರೆ, ಉಪನಯನಕ್ಕೆ ಕೂತ ವಟುವಿನ ಹಾಗೆ ಕಾಣುತ್ತಿದ್ದರು.

ಆಮೇಲೆ ಬಂತು ಅಸಲು ಡ್ರಿಲ್ಲು. ಕೈಮಂಡಿಯೂರಿ ಹಾಲ್ ಸುತ್ತುವುದು. ಅಕ್ಕ ಸುತರಾಂ ಒಪ್ಪಲಿಲ್ಲ. “ನಾಚಿಕೆ ಆಗುತ್ತೆ ಅತ್ತೆ. ಆನೆಮರಿ ಥರ ಕಾಣ್ತೀನಿ. ಈ ಕೋತಿ ಜನ್ಮ ಪೂರ್ತಿ ನನ್ನ ನಕಲು ಮಾಡ್ತಾನೆ.”

“ಮಾಡ್ಲಿ. ಈಗಲೇ ಮಾಡ್ಲಿ” ಅಂದರು ಅತ್ತೆ. ಅವರ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು. “ದಿಂಬು ತಾ.”

ಹೀಗೆ ನಾನು ಬಸುರಿಯಾದೆ, ಸ್ವಾಮಿ!

ಒಂದು ತೊಂದರೆ ಇತ್ತು. ಅತ್ತೆಯ ಡ್ರಿಲ್ ಪುಸ್ತಕದಲ್ಲಿ ಎಡಕ್ಕೆ ತಿರುಗಲು, ಬಲಕ್ಕೆ ತಿರುಗಲು, ಹಿಂದಕ್ಕೆ ತಿರುಗಲು ಆಜ್ಞೆ ಇದೆ. ತಲೆಕೆಳಗಾಗಲು ಇಲ್ಲ! ಅರ್ಧ ದಿನ ಯೋಚಿಸಿ, ಕಡೆಗೆ ಎರಡು ಭಾಷೆ ಕಲಸಿ ಹೊಸದೊಂದು ಹುಟ್ಟಿಸಿದರು. “ಅಂಬೆಗಾಲ್... ಆಗೇ ಬಢ್!” ನಾನು ಮುಂದೆ, ಅಕ್ಕ ಹಿಂದೆ, ಅತ್ತೆ ಪಕ್ಕದಲ್ಲಿ “ಏಕ್, ದೋ” ಅಂತ. ಸುತ್ತು ಮುಗಿದ ಮೇಲೆ ಅಕ್ಕನ ಹೊಟ್ಟೆಯ ಮುಂದೆ ಬಗ್ಗಿ, ಒಳಗಿದ್ದವರಿಗೆ ಬಹುವಚನದಲ್ಲಿ, “ತಾವು ದಯವಿಟ್ಟು ತಿರುಗಬೇಕು” ಅನ್ನುತ್ತಿದ್ದರು. ನಮಗೆ ಸೀಟಿ, ಅದಕ್ಕೆ ದಯವಿಟ್ಟು!

“ಏನತ್ತೆ ಈ ಪಕ್ಷಪಾತ?” ಅಂದೆ.

“ಅದು ನನ್ನ ಸ್ಟೂಡೆಂಟ್ ಅಲ್ಲ ಕಣೋ. ಇನ್ನೂ ಅಡ್ಮಿಷನ್ ಆಗಿಲ್ಲ. ಬಲವಂತ ಮಾಡೋ ಹಾಗಿಲ್ಲ.”

ಆರನೇ ದಿನ ನಾನು ನನ್ನ ಹದಿನೇಳನೇ ಸುತ್ತಿನಲ್ಲಿದ್ದೆ. ಬೆಲ್‌ಬಾಟಮ್ಮಿನ ಮಂಡಿ ಹರಿದಿತ್ತು, ದಿಂಬು ಒಂದು ಪಕ್ಕಕ್ಕೆ ಜಾರಿತ್ತು. ಬಾಗಿಲಲ್ಲಿ ಎರಡು ಪಾದಗಳು ಕಂಡವು. ಕಾಲ್ಗೆಜ್ಜೆ ಗುರುತು ಸಿಕ್ಕಿತು. ಎದುರುಮನೆಯ ಹುಡುಗಿ. ಅವಳನ್ನು ಮೆಚ್ಚಿಸಲು ನಾನು ಆರು ತಿಂಗಳಿಂದ ಹಾಕಿದ ವೇಷ, ಹೊರಡಿಸಿದ ದನಿ ಒಂದೇ ಎರಡೇ? ಅವಳು ಕರಿಬೇವು ಕೇಳಲು ಬಂದಿದ್ದಳು. ಒಂದು ನಿಮಿಷ ನನ್ನನ್ನೇ ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದಳು.

“ಎಷ್ಟು ತಿಂಗಳು?”

ನಾನು ಏನು ಹೇಳಬೇಕಿತ್ತು, ನೀವೇ ಹೇಳಿ! “ಎಂಟು” ಅಂದೆ.

“ಹುಳಿ ಏನಾದ್ರೂ ಬೇಕಿದ್ರೆ ಹೇಳಿ, ಸಂಕೋಚ ಬೇಡ” ಅಂತ ಕರಿಬೇವು ತೆಗೆದುಕೊಂಡು ಹೋದಳು. ಹಿಂದೆ ಅಕ್ಕ ನೆಲದ ಮೇಲೆ ತಲೆಯಿಟ್ಟು ನಗುತ್ತಿದ್ದಳು. ಡಾಕ್ಟರ ಮಾತು ಕೇಳಿ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಹೋಗಲಿ, ಮಾನ ಹೋದರೂ ಲಾಭಕ್ಕೇ ಹೋಯಿತು.

ಹತ್ತು ದಿನವಾದರೂ ಒಳಗಿದ್ದವರು ಕೂತ ಜಾಗ ಬಿಡಲಿಲ್ಲ. ಅಕ್ಕ ಪಕ್ಕೆಲುಬಿನ ಕೆಳಗೆ ಕೈಯಿಟ್ಟು, “ಇಲ್ಲೇ ಇದೆ ತಲೆ, ತೆಂಗಿನಕಾಯಿ ಥರ” ಅನ್ನುತ್ತಿದ್ದಳು. ಅತ್ತೆ ಎರಡನೇ ಅಸ್ತ್ರ ಹೊರತೆಗೆದರು. ಮಗು ದನಿ ಬಂದ ಕಡೆ ತಲೆ ಹೊರಳಿಸುತ್ತದೆ, ದನಿ ಕೆಳಗಿನಿಂದ ಬಂದರೆ ತಲೆಯೂ ಕೆಳಗೆ ಬರುತ್ತದೆ ಎಂಬುದು ಅವರ ಸ್ವಂತ ಸಂಶೋಧನೆ. ಯಾರ ದನಿ? ಮಗುವಿನ ಅಪ್ಪನ ದನಿ. ಆದರೆ ಭಾವ ರಾಯಚೂರಿನಲ್ಲಿ! ಟ್ರಂಕ್ ಕಾಲ್ ಬುಕ್ ಮಾಡಿ ರಿಸೀವರನ್ನು ಅಕ್ಕನ ಮಂಡಿಗೆ ಹಿಡಿಯೋಣವೆಂದರೆ ನಮ್ಮ ಬೀದಿಗೇ ಫೋನಿಲ್ಲ.

“ಇವನಿದಾನಲ್ಲ” ಅಂದರು ಅತ್ತೆ. “ಊರೋರ ದನೀನೆಲ್ಲ ಕದೀತಾನೆ. ಒಂದ್ಸಲ ಉಪಯೋಗಕ್ಕೆ ಬರ್ಲಿ.”

ಭಾವನ ದನಿ ಸುಲಭ. ಚಳಿಗಾಲದ ಲಾರಿ ಸ್ಟಾರ್ಟಾಗುವ ಹಾಗೆ ಮೂರು ಸಲ ಗಂಟಲು ಕೆರೆಯಬೇಕು, ಆಮೇಲೆ ಮೂಗಿನಿಂದ “ಏನಪ್ಪಾ ಅಂದ್ರೇ...” ಅಂತ ಎಳೆದು, ಏನು ಅಂತ ಹೇಳದೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಅಕ್ಕ ಕುರ್ಚಿಯಲ್ಲಿ ಹಿಂದುಮುಂದಾಗಿ, ಬೆನ್ನೊರಗನ್ನು ಅಪ್ಪಿಕೊಂಡು ಕೂತಳು. ನಾನು ನೆಲದ ಮೇಲೆ ಅಂಗಾತ ಮಲಗಿ, ಕುರ್ಚಿಯ ಕೆಳಗೆ ತಲೆ ತೂರಿಸಿ, ಭಾವನದೇ ಇನ್‌ಲ್ಯಾಂಡ್ ಲೆಟರನ್ನು ಭಾವನ ದನಿಯಲ್ಲಿ ಓದಿದೆ. “ಏನಪ್ಪಾ ಅಂದ್ರೇ... ಇಲ್ಲಿ ಬಿಸಿಲು ಜಾಸ್ತಿ. ಕ್ಷೇಮ.” ಎರಡು ದಿನದಲ್ಲಿ ಲೆಟರು ಖಾಲಿ. ಕಲಾವಿದ ಸುಮ್ಮನಿರುತ್ತಾನೆಯೇ? ಸ್ವಂತ ಸಾಹಿತ್ಯ ಶುರುವಾಯಿತು.

“ಏನಪ್ಪಾ ಅಂದ್ರೇ... ನೀನು ಹುಟ್ಟಿದ ಮೇಲೆ ನಿಮ್ಮಮ್ಮನಿಗೆ ಒಂದು ರೇಷ್ಮೆ ಸೀರೆ ತೆಗೀತೀನಿ. ಏನಪ್ಪಾ ಅಂದ್ರೇ... ನಮ್ಮಮ್ಮನ ಸಾರಿಗೆ ಉಪ್ಪೂ ಇರಲ್ಲ, ಹುಳೀನೂ ಇರಲ್ಲ. ನೀನು ಬುದ್ಧಿವಂತ ಆಗಿದ್ರೆ ಹಾಲು ಕುಡ್ಕೊಂಡೇ ಇದ್ಬಿಡು!”

ಅಕ್ಕ ನಗಲಿಲ್ಲ. ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡಳು. ಅನುಮಾನ ಬಂದು ಕುರ್ಚಿಯ ಕೆಳಗಿನಿಂದ ಬಾಗಿಲ ಕಡೆ ನೋಡಿದೆ. ರಜೆ ಸಿಕ್ಕಿದ ಭಾವ ಹೇಳದೆ ಕೇಳದೆ ಬಂದು ನಿಂತಿದ್ದರು. ಪಕ್ಕದಲ್ಲಿ, ಕೈಯಲ್ಲಿ ಹಿತ್ತಾಳೆ ಡಬ್ಬಿ ಹಿಡಿದು, ಅವರ ಅಮ್ಮ!

ಮಗ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದಾನೆ, ಅವನ ದನಿ ಎದುರಿನ ಕುರ್ಚಿಯ ಕೆಳಗಿನಿಂದ ಬರುತ್ತಿದೆ. ಬೇರೆಯವರಾಗಿದ್ದರೆ ಗಾಳಿ ಸೋಕಿದೆ ಅಂತ ಓಡಿಹೋಗುತ್ತಿದ್ದರು. ಆಕೆ ಗಟ್ಟಿ ಹೆಂಗಸು. ಮಗನ ಕಡೆ ತಿರುಗಿ, “ಇದನ್ನ ಯಾವಾಗ ಹೇಳ್ದ್ಯೋ ಇವರ ಮುಂದೆ?” ಅಂದರು.

“ನಾನಲ್ಲಮ್ಮ, ಅವನು” ಅಂದರು ಭಾವ.

“ದನಿ ಅವನದಿರ್ಬಹುದು. ಉಪ್ಪಿನ ವಿಷಯ ಅವನಿಗೆ ಹೇಗ್ ಗೊತ್ತು?”

ಭಾವ ಮೂರು ಸಲ ಗಂಟಲು ಕೆರೆದರು. ಆದರೆ ಲಾರಿ ಸ್ಟಾರ್ಟ್ ಆಗಲಿಲ್ಲ.

ಆ ಸಂಜೆ ನಗು ನಿಂತುಹೋಯಿತು. ಅಕ್ಕನ ಅತ್ತೆಗೆ, ಅಂದರೆ ಭಾವನ ಅಮ್ಮನಿಗೆ, ಮಗು ಕೂತಿರುವ ವಿಷಯ ತಿಳಿದು, “ಹೇರೋಹಳ್ಳಿ ಹತ್ರ ಒಬ್ಬಾಕೆ ಇದಾಳಂತೆ. ಎಣ್ಣೆ ಹಚ್ಚಿ ಹೊಟ್ಟೆ ನೀವಿ ಮಗೂನ ತಿರುಗಿಸ್ತಾಳಂತೆ. ನಾಳೆನೇ ಕರಕೊಂಡ್ಹೋಗೋಣ” ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

“ಬೇಡ” ಅಂದರು ನಮ್ಮ ಅತ್ತೆ. ಸೀಟಿಯಿಲ್ಲ, ಗದರಿಕೆಯಿಲ್ಲ. “ಹೊರಗಿನಿಂದ ಯಾರೂ ಕೈ ಹಾಕಿ ಅಮುಕೋ ಹಾಗಿಲ್ಲ. ಡಾಕ್ಟರು ಬೇಡ ಅಂದಿದಾರೆ. ಅದು ತಾನಾಗಿ ತಿರುಗ್ಬೇಕು. ಇಲ್ಲಾಂದ್ರೆ ದೊಡ್ಡಾಸ್ಪತ್ರೆ. ಅಷ್ಟೇ.”

“ನಾನು ನಾಲ್ಕು ಹೆತ್ತಿದೀನಿ” ಅಂದರು ಆಕೆ.

ನಮ್ಮ ಅತ್ತೆ ಎದ್ದು ಹೋಗಿ ಅಕ್ಕನ ಪಕ್ಕದ ಮಣೆಯ ಮೇಲೆ ಕೂತರು. ಅಲ್ಲಿಂದ ಏಳಲೇ ಇಲ್ಲ. ಅಕ್ಕ ಅವರ ಕೈ ಹಿಡಿದುಕೊಂಡು, “ನಾನು ಅತ್ತೆ ಹೇಳಿದ ಹಾಗೇ ಮಾಡ್ತೀನಿ” ಅಂದಳು. ಮಾರನೇ ಬೆಳಿಗ್ಗೆ ಆರಕ್ಕೆ ಮತ್ತೆ “ಅಂಬೆಗಾಲ್... ಆಗೇ ಬಢ್!” ಈ ಸಲ ಸಾಲಿನಲ್ಲಿ ಮೂರು ಜನ. ಭಾವ ಪ್ಯಾಂಟನ್ನು ಮಡಿಸಿಕೊಂಡು ಅಕ್ಕನ ಹಿಂದೆ.

ಹದಿನೆಂಟನೇ ದಿನ ನರ್ಸಿಂಗ್ ಹೋಮ್. ಅಕ್ಕ ಪರದೆಯ ಒಳಗೆ. ಹೊರಗಿನ ಬೆಂಚಿನಲ್ಲಿ ನಾನು, ಭಾವ, ಅಮ್ಮ. ಅತ್ತೆ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಡಾಕ್ಟರಮ್ಮ ಬಹಳ ಹೊತ್ತು ತೆಗೆದುಕೊಂಡರು. ಅಷ್ಟು ಹೊತ್ತು ನನಗೂ ಯಾರ ದನಿಯೂ ಬರಲಿಲ್ಲ, ನನ್ನದೂ ಸೇರಿ.

“ತಿರುಗಿದೆ. ತಲೆ ಕೆಳಗಿದೆ” ಅಂತ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. “ಏನೇನ್ ಮಾಡಿದ್ರಿ?”

“ನಾನು ಹದಿನೆಂಟು ದಿನ ಬಸುರಿಯಾಗಿದ್ದೆ ಡಾಕ್ಟ್ರೇ” ಅಂದೆ, ಹೋದ ಜೀವ ಬಂದವನ ಹಾಗೆ.

“ಹೌದಾ? ಮಲ್ಕೊಳ್ಳಿ, ನಿಮ್ದೂ ತಿರುಗಿದೆಯಾ ನೋಡ್ಬಿಡೋಣ.”

ಎಲ್ಲರೂ ನಕ್ಕರು. ಡ್ರಿಲ್ಲಿನಿಂದ ತಿರುಗಿತೋ, ದನಿ ಕೇಳಿ ತಿರುಗಿತೋ ಅಂತ ಕೇಳಿದ್ದಕ್ಕೆ ಡಾಕ್ಟರಮ್ಮ, “ಯಾರಿಗ್ ಗೊತ್ತು? ನಿಮ್ಮ ಕಾಟ ತಡೀಲಾರದೆ ತಿರುಗಿರ್ಬೇಕು” ಅಂದರು. ಅತ್ತೆ ಮಾತ್ರ ನಗಲಿಲ್ಲ. ಗೋಡೆಯ ಕಡೆಗೇ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಒಂದು ಲೋಟ ನೀರು ಕೇಳಿದರು.

ರಜೆ ಮುಗಿದ ಭಾವ ರಾಯಚೂರಿಗೆ ಹೋದರು, ಅವರ ಅಮ್ಮ ಉಳಿದರು. ಮೂರು ವಾರದ ಮೇಲೆ, ಒಂದು ಬೆಳಿಗ್ಗೆ ದೋಸೆ ಹೊತ್ತಿಗೆ ಅಕ್ಕನಿಗೆ ನೋವು ಕಾಣಿಸಿಕೊಂಡಿತು. ಆಟೋದಲ್ಲಿ ಅಕ್ಕನ ಜೊತೆ ಮೂವರು ಹೆಂಗಸರು, ಹಿಂದೆ ಸೈಕಲ್ಲಿನಲ್ಲಿ ನಾನು, ಕ್ಯಾರಿಯರ್ ಮೇಲೆ ಫ್ಲಾಸ್ಕ್ ಅಪ್ಪಿಕೊಂಡ ಅಪ್ಪ. ಮಧ್ಯಾಹ್ನದವರೆಗೆ ಅತ್ತೆ ಕಾರಿಡಾರಿನಲ್ಲಿ ಸವೆಸಿದ ದೂರಕ್ಕೆ ಕೆಂಗೇರಿ ತಲುಪಿ ವಾಪಸು ಬರಬಹುದಿತ್ತು. ನರ್ಸು ಹೊರಗೆ ಬಂದಳು. ಅಮ್ಮ, ಅಕ್ಕನ ಅತ್ತೆ, ನಾನು, ಮೂವರೂ ಒಟ್ಟಿಗೆ “ಗಂಡೋ ಹೆಣ್ಣೋ?” ಅಂದೆವು.

ಅತ್ತೆ ಕೇಳಿದ್ದು ಬೇರೆ. “ತಾಯಿ?”

“ಹೆಣ್ಮಗು. ಏಳು ಪೌಂಡು.”

“ತಾಯಿ ಹೇಗಿದಾಳೆ?”

“ಆರಾಮಾಗಿದಾರಮ್ಮ. ಕಾಫಿ ಕೇಳ್ತಿದಾರೆ.”

“ನಿಜವಾಗ್ಲೂ ಕೇಳಿದ್ಲಾ? ಬಾಯ್ಬಿಟ್ಟು ಕೇಳಿದ್ಲಾ?” ಅಂತ ಮೂರನೇ ಸಲ ಕೇಳಿದಾಗ ನರ್ಸಿಗೆ ಇವರೇನು ಕಿವುಡರೇ ಅಂತ ಅನುಮಾನ ಬಂತು. ನನಗೂ ಅದೊಂದು ಒಳ್ಳೆಯ ಮಿಮಿಕ್ರಿ ಐಟಮ್ಮು ಅನ್ನಿಸಿತು. ವಾರವೆಲ್ಲ ಮನೆಯಲ್ಲಿ “ತಾಯಿ? ತಾಯಿ ಹೇಗಿದಾಳೆ?” ಅಂತ ಮಾಡಿ ತೋರಿಸಿದೆ. ಅತ್ತೆಯೂ ನಕ್ಕರು. ಅಪ್ಪ ಮಾತ್ರ ಪೇಪರ್ ಮಡಿಸಿ, “ಅದೊಂದು ಬೇಡ ಕಣೋ” ಅಂದರು. ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ನಾಮಕರಣದ ದಿನ. ಮನೆ ತುಂಬ ನೆಂಟರು, ಹಾಲ್‌ನ ನಡುವೆ ಮಲ್ಲಿಗೆ ಸುತ್ತಿದ ತೊಟ್ಟಿಲು, ಹಾಡು ಹೇಳುವ ಹೆಂಗಸರು. ಅಕ್ಕ ಕೂಸನ್ನು ಎತ್ತಿಕೊಂಡು ಬಂದು, ನೇರವಾಗಿ ಅತ್ತೆಯ ಮುಂದೆ ಹಿಡಿದು, “ಅತ್ತೆ, ನೀವೇ ಮೊದಲು ತೊಟ್ಟಿಲಿಗೆ ಹಾಕಿ” ಅಂದಳು.

ಅಕ್ಕನ ಅತ್ತೆ ನಡುವೆ ಬಂದರು. “ಅಲ್ಲಮ್ಮ, ಅದು ಶಾಸ್ತ್ರ. ಮಕ್ಕಳೊಂದಿಗರು ಹಾಕ್ಬೇಕು. ಅವರು ಆಮೇಲೆ ಬೇಕಾದ್ರೆ ತೂಗಲಿ.”

ಹಾಡು ನಿಂತಿತು. ಹಾಲು ಬೂತಿನ ಇಡೀ ಸಾಲನ್ನು ಒಂದು ಉಸಿರಿನಲ್ಲಿ ನೇರ ಮಾಡುವ ನಮ್ಮ ಅತ್ತೆ, ಚಾಚಿದ ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, “ಹೌದು ಹೌದು, ಅವರು ಹೇಳೋದು ಸರಿ” ಅಂತ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಏನಾದರೂ ತಮಾಷೆ ಮಾಡಿ ಆ ಗಳಿಗೆಯನ್ನು ದಾಟಿಸೋಣವೆಂದು ಬಾಯಿ ತೆರೆದೆ. ನನಗಿಂತ ಮೊದಲು ಬಾಗಿಲ ಹತ್ತಿರದಿಂದ ಒಂದು ದನಿ ಬಂತು. ಯಾರದೆಂದು ಗುರುತಿಸಲು ನನಗೇ ಒಂದು ಕ್ಷಣ ಹಿಡಿಯಿತು. ಇಪ್ಪತ್ತು ವರ್ಷದಲ್ಲಿ ಅಪ್ಪ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಬೀಗಿತ್ತಿಯೋರೇ, ನಾನು ಹುಟ್ಟಿದ್ದು ಕಾಲು ಮುಂದಾಗಿ. ನಮ್ಮಮ್ಮ ಉಳೀಲಿಲ್ಲ. ಬಾಗಿಲಾಚೆ ನಿಂತು ‘ಅಮ್ಮ ಹೇಗಿದಾಳೆ’ ಅಂತ ಕೇಳ್ತಿದ್ದ ಹನ್ನೊಂದು ವರ್ಷದ ಹುಡುಗಿ ಕೈಗೆ ನನ್ನನ್ನ ಕೊಟ್ಟು ಹೋದ್ರಂತೆ. ಅವಳು ಇವತ್ತಿನವರೆಗೂ ಕೆಳಗಿಳಿಸಿಲ್ಲ. ಮಕ್ಕಳೊಂದಿಗರೇ ಬೇಕು ಅಂದ್ರಲ್ಲ? ಅವಳ ಮಗ ಇಲ್ಲೇ ನಿಂತಿದೀನಿ, ನೋಡಿ. ಕೂಸನ್ನ ಅವಳ ಕೈಗೆ ಕೊಡಿ.”